ಮೂವತ್ತಾರು ಚೇರುಗಳ ಚೀಲ

ಜೂನ್ 9, ಸೋಮವಾರ

ಮಳೆ ಹಿಡಿದು ಹತ್ತು ದಿನವಾಯಿತು. ಇದ್ದ ಒಂದು ಕೆಲಸವೂ ಶನಿವಾರ ಮುಗಿಯಿತು. ಇವತ್ತು ಬೆಳಿಗ್ಗೆಯಿಂದ ಫೋನು ಒಂದೇ ಸಲ ರಿಂಗಾಯಿತು, ಅದೂ ರಾಂಗ್ ನಂಬರ್. ಆದರೂ ಆ ಮನುಷ್ಯನ ಜೊತೆ ಎರಡು ನಿಮಿಷ ಮಾತಾಡಿದೆ, ಎಲ್ಲಿ ಮನೆಗಿನೆ ಕಟ್ಟಿಸುವ ಯೋಚನೆ ಇದೆಯೋ ಎಂದು.

ಗೋಡೌನಿನಲ್ಲಿ ಅರವತ್ತು ಜಾಕಿಗಳು ಗೋಡೆಗೆ ಒರಗಿ ನಿಂತಿವೆ. ಹಸಿ ಸ್ಲ್ಯಾಬನ್ನು ಅಡಿಯಿಂದ ಹೊತ್ತು ನಿಲ್ಲುವ ಕಬ್ಬಿಣದ ಕಂಬಗಳು. ಈಗ ಊಟಕ್ಕೆ ಎಬ್ಬಿಸಲು ಯಾರೂ ಬಾರದ ನೆಂಟರ ಹಾಗೆ ಕಾಣುತ್ತವೆ. ಅವುಗಳನ್ನು ನೋಡಿದರೆ ಭಯವಾಗುತ್ತದೆ. ಎರಡು ವರ್ಷದ ಹಿಂದೆ ಹೀಗೇ ಮಳೆಗಾಲ ಎಳೆದಾಗ ನಮ್ಮ ಮೂರು ಜನ ಬೇರೆ ಕಾಂಟ್ರಾಕ್ಟರ್ ಹತ್ತಿರ ಹೋದವರು ವಾಪಸು ಬರಲಿಲ್ಲ. ಈಗ ಉಳಿದಿರುವುದು ಒಂಬತ್ತು ಜನ, ಮೇಸ್ತ್ರಿ ಸೇರಿ.

ಅಪ್ಪ ಹೇಳುತ್ತಿದ್ದರು: "ಕೆಲಸ ಇಲ್ಲದ ಕಾಲ ಅಂದ್ರೆ ರಜಾ ಅಲ್ಲ ಕಣೆ, ಪರೀಕ್ಷೆಗೆ ಓದ್ಕೊಳ್ಳೋಕೆ ಬಿಟ್ಟ ರಜಾ." ಆ ರಜೆಯಲ್ಲಿ ಅವರು ಗೋಡೌನನ್ನು ಪೂರ್ತಿ ಹೊರಗೆ ಹಾಕಿ ಒಳಗೆ ಜೋಡಿಸುತ್ತಿದ್ದರು, ಮಿಕ್ಸರ್ ಬಿಚ್ಚಿ ಎಣ್ಣೆ ಬಿಡುತ್ತಿದ್ದರು, ಆಮೇಲೆ ಕೊಡೆ ಹಿಡಿದು ತಾವು ಕಟ್ಟಿದ ಹಳೇ ಮನೆಗಳ ಬಾಗಿಲು ತಟ್ಟಿ ಬರುತ್ತಿದ್ದರು. ಕೊನೆಯದನ್ನು ನಾನು ಒಂದು ವರ್ಷವೂ ಮಾಡಿಲ್ಲ. ಹಳೇ ಮನೆಗೆ ಹೋದರೆ ದೂರು ಕೇಳಬೇಕಾಗುತ್ತದೆ. ಹಾವನ್ನು ಬಿಲಕ್ಕೇ ಹೋಗಿ ಮಾತಾಡಿಸಿ ಬರುವುದು ಯಾಕೆ?

ಈ ವರ್ಷ ಮೂರನ್ನೂ ಮಾಡುತ್ತೇನೆ ಎಂದು ಯಜಮಾನರಿಗೆ ಹೇಳಿದೆ. "ಮೊದಲು ನಮ್ಮನೆ ಬಚ್ಚಲ ನಲ್ಲಿ ಸರಿ ಮಾಡಿಸು, ಆರು ತಿಂಗಳಿಂದ ಸೋರ್ತಿದೆ" ಎಂದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳುವವರಿಗೆ ತಿಂಗಳು ಮರೆಯುವುದಿಲ್ಲ.

ಜೂನ್ 11, ಬುಧವಾರ

ಗೋಡೌನ್ ಅರ್ಧ ಆಯಿತು. ಬೇಗ ಬಂದುಬಿಟ್ಟೆ.

ಹಳೇ ಮಿಕ್ಸರಿನ ಹಿಂದೆ, ಟಾರ್ಪಾಲಿನ ಅಡಿಯಲ್ಲಿ ಒಂದು ಚೀಲ ಸಿಕ್ಕಿತು. ಬಾಯಿಗೆ ಸುತ್ತಿದ ತಂತಿ ಬಿಚ್ಚಿಲ್ಲ. ತಂತಿಗೆ ತಗಡಿನ ಚೀಟಿ, ಅದರ ಮೇಲೆ ನನ್ನದೇ ಅಕ್ಷರ: "ಹೊಲಿಗೆ ಟೀಚರ್ ಮನೆ. ಮೇಲಿನ ಬಾಲ್ಕನಿ. ಚೇರ್ 36." ಪರವಾಗಿಲ್ಲ, ಉಳಿದ ಮಾಲು, ಮುಂದಕ್ಕೆ ಬರುತ್ತದೆ ಅಂದುಕೊಂಡು ಪಕ್ಕಕ್ಕೆ ಇಟ್ಟೆ. ಇನ್ನೂ ನಾಲ್ಕು ಹಲಗೆ ಎತ್ತಿಟ್ಟೆ. ಆಮೇಲೆ ತಲೆಗೆ ಹೋಯಿತು. ಅಲ್ಲೇ ಕೂತುಬಿಟ್ಟೆ.

ಚೇರ್ ಎಂದರೆ ಕೂರುವ ಕುರ್ಚಿಯಲ್ಲ. ತುಂಡು ಕಂಬಿಯನ್ನು ಬಾಗಿಸಿ ಮಾಡುವ ಬೆರಳುದ್ದದ ಕಾಲು. ಕಾಂಕ್ರೀಟ್ ಸುರಿಯುವಾಗ ಮೇಲಿನ ಕಂಬಿಗಳನ್ನು ಎತ್ತಿ ಹಿಡಿಯುವುದು ಇದೇ. ಕೋಣೆಯ ಸ್ಲ್ಯಾಬಿಗೆ ನಾಲ್ಕೂ ಕಡೆ ಗೋಡೆ ಇರುತ್ತದೆ. ಬಾಲ್ಕನಿಗೆ ಒಂದೇ ಕಡೆ. ಅದು ಚಾಚಿದ ಕೈ. ಆ ಕೈಯ ಬಲವೆಲ್ಲ ಮೇಲ್ಭಾಗದ ಕಂಬಿಯಲ್ಲಿದೆ. ಚೇರ್ ಇಲ್ಲದಿದ್ದರೆ ಸುರಿಯುವವರ ಕಾಲ್ತುಳಿತಕ್ಕೆ ಕಂಬಿ ತಳಕ್ಕೆ ಕೂರುತ್ತದೆ. ಮೇಲೆ ಕಾಂಕ್ರೀಟ್ ಮುಚ್ಚಿದ ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ. ಇದನ್ನೆಲ್ಲ ನನಗೆ ನಾನೇ ಯಾಕೆ ಪಾಠ ಮಾಡಿಕೊಳ್ಳುತ್ತಿದ್ದೇನೋ. ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಏಳು ವರ್ಷದ ಹಿಂದಿನ ಸಾಮಾನಿನ ಪುಸ್ತಕ ತೆಗೆದು ನೋಡಿದೆ. ಆ ದಿನ ಎರಡು ಕಡೆ ಮೋಲ್ಡ್, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಕೆಲಸ, ಇತ್ತು. ಟೀಚರ್ ಮನೆಯ ಪಟ್ಟಿಯಲ್ಲಿ ಎಲ್ಲದಕ್ಕೂ ಟಿಕ್ ಇದೆ. ಚೇರಿಗೂ ಇದೆ. ಬೆಳಿಗ್ಗೆಯೇ ಕೂತು, ಗಾಡಿಗೆ ಹೇರುವ ಮೊದಲೇ, ಸಾಲಾಗಿ ಟಿಕ್ ಹಾಕಿಬಿಡುವುದು ನನ್ನ ಚಾಳಿ.

ಜೂನ್ 12, ಗುರುವಾರ

ಗೋಡೌನಿಗೆ ಹೋಗಲಿಲ್ಲ. ತಲೆನೋವು ಎಂದೆ.

ಸೈಟಿನಲ್ಲೇ ಬೇರೆ ಚೇರ್ ಮಾಡಿಕೊಂಡಿರಬಹುದು. ಅಲ್ಲಿ ತುಂಡು ಕಂಬಿ ಇದ್ದೇ ಇರುತ್ತದೆ. ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ. ಮಾಡಿಕೊಂಡಿರುತ್ತಾರೆ.

ಜೂನ್ 14, ಶನಿವಾರ

ತರಕಾರಿ ತರಲು ಹೋದವಳು ಟೀಚರ್ ಬೀದಿಯಲ್ಲಿ ಹೋದೆ. ಮಾರ್ಕೆಟ್ಟಿಗೆ ಅದು ದಾರಿಯೇ ಅಲ್ಲ.

ಮಳೆ ಬಿಟ್ಟಿತ್ತು. ಬಾಲ್ಕನಿಯಲ್ಲಿ ಹುಡುಗಿಯರು ಚಾಪೆ ಹಾಕಿಕೊಂಡು ಕೂತು ಬಟ್ಟೆಗೆ ಅಂಚು ಹೊಲಿಯುತ್ತಿದ್ದರು. ಆರು ಜನ. ಅಲ್ಲ, ಬಾಗಿಲ ಹತ್ತಿರ ಇನ್ನೊಬ್ಬಳು, ಏಳು. ಅಂಚಿನಲ್ಲಿ ಸಾಲಾಗಿ ಮಣ್ಣಿನ ಪಾಟುಗಳು. ನೆನೆದ ಮಣ್ಣು ಎಷ್ಟು ಭಾರ ಎಂದು ನನಗೆ ಗೊತ್ತು. ನಾನು ರಸ್ತೆಯ ಈಚೆ ಕೊಡೆಯ ಅಡಿಯಲ್ಲಿ ನಿಂತು ತೂಕ ಹಾಕುತ್ತಿದ್ದೆ.

"ಓ ಇಂಜಿನಿಯರಮ್ಮಾ! ಮಳೆ ನಿಂತು ಎಷ್ಟೊತ್ತಾಯ್ತು, ಕೊಡೆ ಮಡಚಿ! ಬನ್ನಿ ಮೇಲೆ!"

ನಾನು ಇಂಜಿನಿಯರ್ ಅಲ್ಲ ಎಂದು ಏಳು ವರ್ಷದಿಂದ ಹೇಳುತ್ತಿದ್ದೇನೆ, ಟೀಚರ್ ಕೇಳಿಸಿಕೊಂಡಿಲ್ಲ. ಗಂಡ ಹೋದ ಮೇಲೆ ಹೊಲಿಗೆ ಕಲಿಸುತ್ತಲೇ ಒಂಟಿಯಾಗಿ ಮನೆ ಕಟ್ಟಿಸಿದವರು. ಅವರ ಬಾಯಿಮಾತಿನಿಂದ ನನಗೆ ಬಂದ ಕೆಲಸಗಳೇ ಐದಾರು.

"ಇಲ್ಲ ಟೀಚರ್, ಅರ್ಜೆಂಟ್ ಕೆಲಸ ಇದೆ" ಎಂದೆ. ಮಳೆಗಾಲದಲ್ಲಿ ಕಾಂಟ್ರಾಕ್ಟರಿಗೆ ಎಂಥ ಅರ್ಜೆಂಟು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ಓಡಿಬಂದೆ. ತರಕಾರಿ ತರಲಿಲ್ಲ.

ಜೂನ್ 18, ಬುಧವಾರ

ಭಾನುವಾರ ಒಂದು ಉಪಾಯ ಹೊಳೆಯಿತು. ಟೀಚರ್ ಮನೆಗೆ ಮಾತ್ರ ಹೋದರೆ ಅನುಮಾನ ಬರುತ್ತದೆ. ಅಪ್ಪನ ಹಾಗೆ ಹಳೇ ಮನೆಗಳಿಗೆಲ್ಲ ಹೋದರೆ ಅದೂ ಅವುಗಳಲ್ಲಿ ಒಂದಾಗುತ್ತದೆ. ಮಳೆಗಾಲದ ತಪಾಸಣೆ, ಪುಕ್ಕಟೆ.

ಮೂರು ದಿನದಲ್ಲಿ ಎಂಟು ಮನೆ ನೋಡಿದೆ. ಮೊದಲನೆಯ ಮನೆಯವರು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು "ಏನು ಮಾರೋಕೆ ಬಂದಿದೀರಿ?" ಎಂದರು. ಮೂರನೆಯ ಮನೆಯ ತಾರಸಿಯಲ್ಲಿ ನೀರು ಹೋಗುವ ಪೈಪಿಗೆ ಚೆಂಡು ಸಿಕ್ಕಿಕೊಂಡಿತ್ತು. ಕೈ ಹಾಕಿ ತೆಗೆದೆ. ಆ ಮನೆಯ ಅಜ್ಜಿ "ಕಟ್ಟಿ ಆದಮೇಲೆ ಮುಖ ತೋರಿಸಿದ ಕಾಂಟ್ರಾಕ್ಟರನ್ನ ನಾನು ನೋಡಿದ್ದು ಇದೇ ಮೊದಲು" ಎಂದು ನನ್ನನ್ನು ಕೂರಿಸಿ ಇಡೀ ಬೀದಿಗೆ ಪರಿಚಯ ಮಾಡಿಸಿದರು. ನಾಚಿಕೆಯಾಯಿತು. ನಾನು ಬಂದದ್ದು ಅವರಿಗಾಗಿ ಅಲ್ಲವಲ್ಲ.

ನಾಳೆ ಟೀಚರ್ ಮನೆ.

ಜೂನ್ 19, ಗುರುವಾರ

ಇವತ್ತು ಆಗಲಿಲ್ಲ. ಬೇರೆ ನಾಲ್ಕು ಮನೆ ನೋಡಿದೆ.

ಜೂನ್ 23, ಸೋಮವಾರ

ಮೇಸ್ತ್ರಿಯನ್ನು ಕೇಳಿದೆ. ಅಪ್ಪನ ಕಾಲದಿಂದ ಇರುವವರು, ನಾನು ಲಂಗ ಹಾಕಿಕೊಂಡು ಮರಳಿನ ಗುಡ್ಡೆಯಲ್ಲಿ ಜಾರುತ್ತಿದ್ದುದನ್ನು ನೋಡಿದವರು. ಮಿಕ್ಸರಿಗೆ ಎಣ್ಣೆ ಬಿಡುತ್ತಿದ್ದರು. ಸುಮ್ಮನೆ ಕೇಳುವವಳ ಹಾಗೆ, "ಆ ಟೀಚರ್ ಮನೆ ಬಾಲ್ಕನಿಗೆ ಚೇರ್ ಹಾಕಿದ್ವಲ್ಲ ಮೇಸ್ತ್ರಿ?" ಎಂದೆ.

ಎಣ್ಣೆ ಡಬ್ಬಿ ಕೆಳಗಿಟ್ಟರು. "ಚೀಲ ನೋಡಿದ್ರಾ ಅಮ್ಮಾ?"

ಹೂಂ ಎಂದೆ.

"ಆವತ್ತು ಚೇರ್ ಬಂದಿರಲಿಲ್ಲ" ಎಂದರು. "ನಿಮಗೆ ಫೋನ್ ಮಾಡಿದೆ. ನೀವು ಆ ಕಡೆ ಮೋಲ್ಡ್ ಹತ್ತಿರ ಇದ್ರಿ. 'ಟಿಕ್ ಹಾಕಿ ಕಳಿಸಿದೀನಿ, ಕಣ್ಣು ಬಿಟ್ಟು ಹುಡುಕ್ರಿ' ಅಂತ ರೇಗಿದ್ರಿ. ಅಷ್ಟರಲ್ಲಿ ಕಾಂಕ್ರೀಟ್ ಗಾಡಿ ಬಂತು. ಇಟ್ಟಿಗೆ ಚೂರು ಕೊಟ್ಟು ಕಂಬಿ ಎತ್ತಿದ್ವಿ."

"ನಿಂತಿತಾ?"

"ಇಟ್ಟಾಗ ನಿಂತಿತ್ತು. ಆಮೇಲೆ ಅದರ ಮೇಲೆ ಎಂಟು ಜನ ಓಡಾಡಿದ್ರು. ಎಷ್ಟು ಪುಡಿ ಆಯ್ತೋ, ಎಷ್ಟು ಉಳೀತೋ. ಚೀಲ ಆಮೇಲೆ ಗೋಡೌನಲ್ಲಿ ಸಿಕ್ತು. ನಿಮಗೆ ತೋರ್ಸೋಕೆ ಧೈರ್ಯ ಬರಲಿಲ್ಲ, ಎಸೆಯೋಕೂ ಮನಸ್ಸು ಬರಲಿಲ್ಲ. ಪ್ರತಿ ಮಳೆಗಾಲ ಒಂದು ಸಲ ಆ ಬೀದಿಗೆ ಹೋಗಿ ನೋಡ್ಕೊಂಡು ಬರ್ತೀನಿ."

ಏಳು ವರ್ಷ ಬಾಯಿ ಬಿಡದೆ ಇದ್ದೀರಲ್ಲ ಎಂದು ಕೂಗಾಡಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಕೂಗಿ ಮುಗಿದ ಮೇಲೆ ಹೊಳೆಯಿತು, ಆ ದಿನ ಅವರು ಬಾಯಿ ಬಿಟ್ಟಿದ್ದರು.

ಜೂನ್ 24, ಮಂಗಳವಾರ

ಭಯ. ಭಯ. ಹೇಳಿದರೆ ಊರೆಲ್ಲ ಗೊತ್ತಾಗುತ್ತದೆ. ಯಾರು ಕೆಲಸ ಕೊಡುತ್ತಾರೆ? ಒಂಬತ್ತು ಜನ ಎಲ್ಲಿಗೆ ಹೋಗಬೇಕು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಪ್ಪನ ಹೆಸರಿನ ಬೋರ್ಡು ಇನ್ನೂ ಆಫೀಸಿನ ಮೇಲಿದೆ.

ಏಳು ವರ್ಷ ನಿಂತಿದೆಯಲ್ಲ. ಇನ್ನೂ ನಿಲ್ಲಬಹುದು.

ಜೂನ್ 28, ಶನಿವಾರ

ಚೆಂಡಿನ ಮನೆಯ ಅಜ್ಜಿಯ ಅಳಿಯ ಒಂದು ಶಾಲೆಯ ಕಾರ್ಯದರ್ಶಿಯಂತೆ. ಅವರೇ ಫೋನ್ ಮಾಡಿದರು. ಶಾಲೆಗೆ ಸಭಾಂಗಣ ಕಟ್ಟಬೇಕು. ಗೋಡೆ ಎದ್ದಿದೆ, ಹಿಂದಿನ ಕಾಂಟ್ರಾಕ್ಟರ್ ಬಿಟ್ಟುಹೋಗಿದ್ದಾನೆ. ಮುಂದಿನ ವಾರವೇ ಸ್ಲ್ಯಾಬಿಗೆ ಹಲಗೆ, ಜಾಕಿ ಕೊಡುವ ಸೆಂಟ್ರಿಂಗ್ ಶುರುವಾಗಬೇಕು. "ನಿಮ್ಮ ಹತ್ತಿರ ಅರವತ್ತು ಜಾಕಿ ಇವೆಯಾ?" ಎಂದು ಕೇಳಿದರು. ಇವೆ ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಒಳಗಿನಿಂದ ಯಜಮಾನರು ಎದ್ದು ಬಂದರು.

ಗ್ಯಾಂಗಿನವರಿಗೆ ಹೇಳಿದೆ. ಒಬ್ಬ ಮಿಕ್ಸರಿಗೆ ಮುತ್ತು ಕೊಟ್ಟ. ಮೇಸ್ತ್ರಿ ಮಾತ್ರ ನಗಲಿಲ್ಲ. ಜಾಕಿಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ.

ಜುಲೈ 1, ಮಂಗಳವಾರ

ಕೊನೆಗೂ ಹೋದೆ. ಟೀಚರ್ ಮೆಟ್ಟಿಲ ತುದಿಯಲ್ಲೇ ನಿಂತಿದ್ದರು. "ಊರ ಮನೆಯೆಲ್ಲ ನೋಡಿದ್ರಂತೆ, ನಮ್ಮನೆಗೆ ಬರೋಕೆ ಇಷ್ಟು ದಿನ ಬೇಕಾಯ್ತಾ?"

ಬಾಲ್ಕನಿಯ ಹೊಸ್ತಿಲ ಉದ್ದಕ್ಕೂ ರಬ್ಬರ್ ಹಾಸು ಇತ್ತು. ಎತ್ತಿದೆ. ಗೋಡೆಗೆ ಸೇರುವ ಜಾಗದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಬಿರುಕು, ಟೈಲ್ಸ್ ದಾಟಿಕೊಂಡು.

"ಅದಾ? ಮೂರು ಸಲ ವೈಟ್ ಸಿಮೆಂಟ್ ತುಂಬಿದೆ, ಹೊಲಿಗೆ ಬಿಟ್ಟ ಹಾಗೆ ಮತ್ತೆ ಬಿಡುತ್ತೆ. ನಿಮ್ಮನ್ನ ಕೇಳೋಣ ಅಂದ್ಕೊಂಡೆ. ಆಮೇಲೆ, ನೀವು ಕಟ್ಟಿದ್ದಲ್ವಾ, ಇದಕ್ಕೇನಾಗುತ್ತೆ ಅಂತ ಸುಮ್ನಾದೆ."

ನನ್ನ ಒಂದು ಕಾಲು ಒಳಗೆ, ಒಂದು ಹೊರಗೆ ಇತ್ತು. ಹೊರಗಿನ ಕಾಲನ್ನು ಎಳೆದುಕೊಂಡೆ. ಹಾಗೆ ಮಾಡಿದ್ದು ಆಮೇಲೆ ಗೊತ್ತಾಯಿತು.

"ಬಣ್ಣದವರನ್ನ ಕಳಿಸ್ತೀನಿ, ಎರಡು ದಿನ ಬಾಲ್ಕನಿಗೆ ಯಾರೂ ಹೋಗ್ಬೇಡಿ" ಎಂದೆ. ಬಣ್ಣದವರಂತೆ! ನಾನು ಈ ನಾಲಿಗೆಯಲ್ಲಿ ಊಟ ಹೇಗೆ ಮಾಡಿದೆನೋ.

ಜುಲೈ 2, ಬುಧವಾರ

ಬೆಳಿಗ್ಗೆಯಿಂದ ಮಳೆ ಸುರಿದದ್ದು ಸುರಿದದ್ದೇ. ಹತ್ತು ಗಂಟೆಗೆ ನೆನಪಾಯಿತು, ನಿನ್ನೆ ಬಿರುಕು ನೋಡಿದೆ, ನೀರು ಹೋಗುವ ತೂತು ನೋಡಲಿಲ್ಲ. ಪಾಟುಗಳ ಒಣಗಿದ ಎಲೆ ಅದಕ್ಕೆ ಕಟ್ಟಿಕೊಂಡಿದ್ದರೆ ಮೋಟುಗೋಡೆಯೊಳಗೆ ನೀರು ತುಂಬುತ್ತದೆ. ಒಂದಡಿ ನೀರು ನಿಂತರೆ ಏಳು ಹುಡುಗಿಯರ ಭಾರಕ್ಕಿಂತ ಹೆಚ್ಚು. ಫೋನ್ ಮಾಡಿದೆ.

"ನೀರು ನಿಂತಿದೆ ಕಣ್ರೀ, ಕೆರೆ ಆಗಿದೆ" ಎಂದು ಟೀಚರ್ ನಕ್ಕರು. "ಸೀರೆ ಎತ್ತಿ ಕಟ್ಟಿದೀನಿ, ತೂತು ಬಿಡಿಸೋಕೆ ಹೊರಟಿದ್ದೆ."

"ಹೋಗ್ಬೇಡಿ."

"ಏನು?"

"ಹೋಗ್ಬೇಡಿ ಟೀಚರ್! ಬಾಗಿಲು ಹಾಕಿ, ಹುಡುಗೀರನ್ನೆಲ್ಲ ಕೆಳಗೆ ಕಳಿಸಿ. ಬಾಲ್ಕನಿ ಅಡಿಯಲ್ಲೂ ಯಾರೂ ನಿಲ್ಲಬಾರದು. ಅದರಲ್ಲಿ ಕಂಬಿ ಇರಬೇಕಾದ ಜಾಗದಲ್ಲಿ ಇಲ್ಲ. ತಪ್ಪು ನಂದು."

 ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿತು.

ಗೋಡೌನಿಗೆ ಓಡಿದರೆ ಮೇಸ್ತ್ರಿ ಆಗಲೇ ಗಾಡಿಗೆ ಜಾಕಿ ಹೇರುತ್ತಿದ್ದರು. ನಾನು ಯಾರಿಗೂ ಹೇಳಿರಲಿಲ್ಲ. "ಮಳೆ ನೋಡಿದೆ, ತಡೀಲಿಲ್ಲ" ಎಂದರು. ಮೊದಲು ಉದ್ದನೆಯ ಬಿದಿರಿನಿಂದ, ಒಳಗೆ ನಿಂತುಕೊಂಡೇ, ತೂತು ಬಿಡಿಸಿದೆವು. ನೀರು ಇಳಿಯಲು ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆಯನ್ನು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಅಡಿಗೆ ಹದಿನೆಂಟು ಜಾಕಿ ಕೊಟ್ಟೆವು. ಅಡಿಯಲ್ಲಿ ನುಗ್ಗಿ ಮೊದಲನೆಯ ಜಾಕಿ ತಿರುಗಿಸಿದ್ದು ಮೇಸ್ತ್ರಿ. ಎರಡನೆಯದು ನಾನು. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ಚಳಿಗೆ ಎಂದು ಅವರಿಗೆ ಹೇಳಿದೆ.

ಜುಲೈ 4, ಶುಕ್ರವಾರ

ಡಿಸೈನ್ ಮಾಡುವ ಇಂಜಿನಿಯರನ್ನು ಕರೆದುಕೊಂಡು ಹೋಗಿ, ಬಿರುಕಿನ ಹತ್ತಿರ ಮೇಲಿನಿಂದ ಒಡೆಸಿದೆವು. ಐದು ಇಂಚಿನ ಸ್ಲ್ಯಾಬು. ಒಂದು ಇಂಚಿಗೆ ಕಂಬಿ ಸಿಗಬೇಕು. ಒಂದಕ್ಕೆ ಇಲ್ಲ. ಎರಡಕ್ಕೆ ಇಲ್ಲ. ಮೂರಕ್ಕೆ ಇಟ್ಟಿಗೆಯ ಕೆಂಪು ಪುಡಿ ಬಂತು. ಮೂರೂವರೆಗೆ ಉಳಿ ಠಣ್ ಎಂದಿತು. ಇಂಜಿನಿಯರು ಕನ್ನಡಕ ತೆಗೆದು ಒರೆಸಿದರು. ಒಡೆದು ಹೊಸದಾಗಿ ಹಾಕದೆ ಬೇರೆ ದಾರಿಯಿಲ್ಲ.

ಟೀಚರ್ ಬಾಗಿಲಲ್ಲಿ ನಿಂತಿದ್ದರು. "ಏಳು ವರ್ಷ" ಎಂದರು. "ಯಾರ್ಯಾರ ಮನೆ ಮಕ್ಕಳನ್ನ ನಾನು ಇದರ ಮೇಲೆ ಕೂರಿಸಿದೆ. ಬೆಳಕಿದೆ, ಕಣ್ಣಿಗೆ ಒಳ್ಳೇದು, ಹೊರಗೆ ಕೂತ್ಕೊಳ್ರೇ ಅಂತ ನಾನೇ ಗದರಿಸಿ ಕಳಿಸ್ತಿದ್ದೆ."

ನಾನು ಏನೋ ಹೇಳಲು ಹೋದೆ.

"ಇವತ್ತು ನನ್ನ ಜೊತೆ ಮಾತಾಡ್ಬೇಡಿ. ಕೆಲಸ ಮಾಡಿ, ಹೋಗಿ."

ಇಂಜಿನಿಯರಮ್ಮ ಅನ್ನಲಿಲ್ಲ.

ಜುಲೈ 7, ಸೋಮವಾರ

ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ಆ ವರ್ಷ ಹಾಗೇ ಬೆಳಿಗ್ಗೆಯೇ ಟಿಕ್ ಹಾಕಿ ಕಳಿಸಿದ ಬಾಲ್ಕನಿಗಳು ಇನ್ನೂ ಎರಡು ಇವೆ. ಎರಡೂ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬರು ಬೈದರು. ಇನ್ನೊಬ್ಬರು ಬೈಯಲಿಲ್ಲ, ಮಗುವನ್ನು ಎತ್ತಿಕೊಂಡು ಒಳಗೆ ಹೋದರು, ಅದು ಬೈಗುಳಕ್ಕಿಂತ ಜಾಸ್ತಿಯಾಯಿತು. ಒಡೆದು ನೋಡುವವರೆಗೆ ಇರಲಿ ಎಂದು ಎರಡಕ್ಕೂ ಹನ್ನೆರಡು ಹನ್ನೆರಡು ಜಾಕಿ ಕೊಟ್ಟಿದ್ದೇವೆ.

ಶಾಲೆಯವರು ಫೋನ್ ಮಾಡಿದ್ದರು. ಜಾಕಿ ಕೆಲಸದಲ್ಲಿವೆ, ಎರಡು ತಿಂಗಳು ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಟೀಚರ್ ಮನೆಯ ನೆಲದ ಟೈಲ್ಸು ತಿಳಿ ಹಸಿರು, ಅಂಚಿಗೆ ಬಿಳಿ ಗೆರೆ. ಅದು ಈಗ ಬರುತ್ತಿಲ್ಲ. ಹಳೇ ಸ್ಟಾಕ್ ಇರುವ ಅಂಗಡಿ ಹುಡುಕಬೇಕು. ಮೂರು ಅಂಗಡಿ ಆಯಿತು.

ಊಟಕ್ಕೆ ಕೂತಾಗ ಯಜಮಾನರು "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಲ್ವಾ?" ಎಂದರು. ಯಾವ ತುತ್ತು ಎಂದು ಕೇಳಿದೆ. ನನ್ನ ಮುಖವನ್ನೇ ನೋಡಿ, "ಏನಿಲ್ಲ ಬಿಡು" ಎಂದು ಇನ್ನೊಂದು ಸೌಟು ಬಡಿಸಿದರು. ಶಾಲೆಯ ವಿಷಯ ಇರಬೇಕು.

ಜುಲೈ 16, ಬುಧವಾರ

ಆ ಎರಡು ಬಾಲ್ಕನಿಗಳಲ್ಲೂ ಕಂಬಿ ಸರಿಯಾಗಿದೆ. ಒಂದು ಇಂಚಿಗೇ ಠಣ್ ಎಂದಿತು. ರಸ್ತೆಯಲ್ಲೇ ಕೂತು ಅತ್ತೆ. ಮೇಸ್ತ್ರಿ ಅಡ್ಡ ನಿಂತು ಹೋಗುವವರಿಗೆ ಕಾಣದ ಹಾಗೆ ಕೊಡೆ ಹಿಡಿದರು. ಮಗುವಿನ ತಾಯಿ ನೀರು ತಂದುಕೊಟ್ಟರು.

ಗ್ಯಾಂಗಿನಲ್ಲಿ ಇಬ್ಬರು ಹೋದರು. ತಪ್ಪೇನಿಲ್ಲ, ಅವರಿಗೂ ಸಂಸಾರವಿದೆ.

ಆಗಸ್ಟ್ 2, ಶನಿವಾರ

ಟೀಚರ್ ಮನೆಯ ಹಳೇ ಬಾಲ್ಕನಿಯನ್ನು ತುಂಡು ತುಂಡಾಗಿ ಇಳಿಸಿ ವಾರವಾಯಿತು. ಒಳಕೋಣೆಯ ನೆಲವನ್ನು ನಾಲ್ಕಡಿ ಅಗೆದು, ಹೊಸ ಕಂಬಿ ಒಳಗಿನಿಂದಲೇ ಹೊರಟು ಬರುವಂತೆ ಕಟ್ಟಿದ್ದೇವೆ. ಇಂಜಿನಿಯರು ಎರಡು ಸಲ ಬಂದು ಅಳೆದರು. ಇವತ್ತು ಮಳೆ ಬಿಡುವು ಕೊಟ್ಟಿತು. ಮೋಲ್ಡ್.

ಆ ಚೀಲವನ್ನೇ ತೆಗೆದುಕೊಂಡು ಹೋದೆ. ತುಕ್ಕು ಉಜ್ಜಿದರೆ ಗಟ್ಟಿಯಾಗಿಯೇ ಇದ್ದವು. ತಂತಿಯನ್ನು ನಾನೇ ಕತ್ತರಿಸಿದೆ. ಒಂದೊಂದು ಚೇರ್ ಇಟ್ಟು, ಕಂಬಿಗೆ ಕಟ್ಟಿ, ಕೈಯಲ್ಲಿ ಅಲ್ಲಾಡಿಸಿ ನೋಡಿ, ಆಮೇಲೆ ಪುಸ್ತಕದಲ್ಲಿ ಒಂದು ಟಿಕ್. ನಡುವೆ ಟೀಚರ್ ಬಂದು ಬಾಗಿಲಲ್ಲಿ ನಿಂತರು. ತಿಂಗಳಿಂದ ನನ್ನ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಇವತ್ತು ಹೊಲಿಗೆ ಲೆಕ್ಕ ಹಾಕುವ ಹಾಗೆ ಬೆರಳು ಮಡಚಿ ಎಣಿಸುತ್ತಿದ್ದರು.

"ಮೂವತ್ತೈದು" ಎಂದರು. "ಇನ್ನೊಂದು?"

ಚೀಲ ಕೊಡವಿದೆ. ಬರಲಿಲ್ಲ.  ಮತ್ತೆ ಎಣಿಸಿದೆ. ಮೂವತ್ತೈದೇ.

ಆ ಟಿಕ್ ಮಾತ್ರವಲ್ಲ, ಆ ಮೂವತ್ತಾರೂ ಎಣಿಸದೆ ಬರೆದದ್ದು.

"ಗಾಡಿ ಕೆಳಗೆ ಬಂದಿದೆ" ಎಂದು ಯಾರೋ ಕೂಗಿದರು. "ಕಾಯಲಿ" ಎಂದೆ. ಮೇಸ್ತ್ರಿ ತುಂಡು ಕಂಬಿ ಬಾಗಿಸಿಕೊಟ್ಟರು. ಕಟ್ಟಿದೆ, ಅಲ್ಲಾಡಿಸಿದೆ. ಟೀಚರ್ ಬಂದು ತಾವೂ ಬಗ್ಗಿ ಅಲ್ಲಾಡಿಸಿ ನೋಡಿದರು. ಆಮೇಲೆ ಕಂಬಿಯ ಮೇಲೆ ಯಾರೂ ಕಾಲಿಡದಂತೆ ಹಲಗೆ ಹಾಸಿ, ಹಲಗೆಯ ಮೇಲೆ ನಡೆದೇ ಕಾಂಕ್ರೀಟ್ ಹಾಕಿದೆವು.

ಫೋನು ಬ್ಯಾಗಿನಲ್ಲೇ ಉಳಿದಿತ್ತು. ಸಂಜೆ ನೋಡಿದರೆ ಆರು ಮಿಸ್ಡ್ ಕಾಲ್. ನಾಳೆ ನೋಡಿದರಾಯಿತು.

ಆಗಸ್ಟ್ 30, ಶನಿವಾರ

ಇಪ್ಪತ್ತೆಂಟು ದಿನ ತುಂಬಿತು. ಜಾಕಿ ಇಳಿಸಿದೆವು. ಬಾಲ್ಕನಿಯಲ್ಲಿ ಹೊರ ಅಂಚಿನಿಂದ ಶುರುಮಾಡಿ ಗೋಡೆಯ ಕಡೆಗೆ ಬರಬೇಕು. ಒಂದೊಂದು ಜಾಕಿ ಸಡಿಲವಾದಾಗಲೂ ಅಂಚನ್ನು ಮತ್ತೆ ಅಳೆಸಿದೆ. ಇಂಜಿನಿಯರು ಸರಿಯಿದೆ ಎಂದರು. ಅಳತೆ ಸರಿಯಿದೆ. ಆದರೂ ಭಯ. ಈ ಭಯ ಇನ್ನು ಹೋಗುವುದಿಲ್ಲ ಅನ್ನಿಸುತ್ತದೆ.

ಟೀಚರ್ ಹುಡುಗಿಯರನ್ನು ಒಳಗೇ ಕೂರಿಸಿಕೊಂಡಿದ್ದರು. "ಇವತ್ತು ಬೇಡ" ಎಂದರು. "ಒಂದು ಮಳೆ ಹೋಗ್ಲಿ, ಆಮೇಲೆ ನೋಡೋಣ."

ಸರಿ ಎಂದೆ. ನಾನೊಬ್ಬಳೇ ಹೋಗಿ ಅಂಚಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಮಳೆ ಬಂತು. ಮೇಸ್ತ್ರಿ ಕೆಳಗಿನಿಂದ "ಒಳಗೆ ಹೋಗಿ ಅಮ್ಮಾ, ನೆನೀತೀರಿ" ಎಂದು ಕೂಗಿದರು. ಹೋಗಲಿಲ್ಲ. ನೀರು ತೂತಿನ ಕಡೆ ಸರಿಯಾಗಿ ಹರಿಯುತ್ತದೆಯೇ ನೋಡುತ್ತ ನಿಂತೆ. ಹರಿಯಿತು. ಅರ್ಧ ಗಂಟೆಯಾಗಿರಬೇಕು.

"ಇಂಜಿನಿಯರಮ್ಮಾ."

ಟೀಚರ್ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದರು. ಹೊಸ್ತಿಲಿನಿಂದಲೇ ಕೈ ಚಾಚಿದರು. ಎಟುಕಲಿಲ್ಲ. ನಾನು ಎರಡು ಹೆಜ್ಜೆ ಮುಂದೆ ಬಂದಿದ್ದರೆ ಸಿಗುತ್ತಿತ್ತು, ಆದರೆ ನನ್ನ ಕಾಲು ಏಳಲಿಲ್ಲ. ಅವರು ಒಮ್ಮೆ ಕೆಳಗೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲಗಾಲು ಹೊರಗಿಟ್ಟರು, ಆಮೇಲೆ ಎಡಗಾಲು.



"ತಗೊಳ್ಳಿ" ಎಂದರು. "ಟೀಗೆ ಮಳೆ ಬೀಳ್ತಿದೆ."